ಹತ್ತಿರ ಹೋದರೂ ಹಾರದ ಹಕ್ಕಿ

ಪ್ರಶ್ನೆ: ಈ ಚಳಿಗಾಲದಲ್ಲಿ ಮೊದಲ ಸಲ ಹಿತ್ತಲಲ್ಲಿ ಹಕ್ಕಿಗಳಿಗೆ ಕಾಳು ಹಾಕಲು ಶುರು ಮಾಡಿದ್ದೇನೆ. ನಾವಿರುವ ಕಡೆ ಎರಡು ಮೂರು ತಿಂಗಳು ಹಿಮ ಬೀಳುತ್ತದೆ. ಒಂದು ಅಗಲ ತಟ್ಟೆ, ಒಂದು ಕೊಳವೆಯಂಥ ಫೀಡರ್ ಇಟ್ಟಿದ್ದೇನೆ. ಮೊದಲ ಎರಡು ವಾರ ಒಂದು ಹಕ್ಕಿಯೂ ಬರಲಿಲ್ಲ. ಈಗ ಗದ್ದಲವೋ ಗದ್ದಲ. ಮಿಶ್ರ ಕಾಳು, ಬ್ರೆಡ್ಡು, ಉಳಿದ ತಿಂಡಿ ಎಲ್ಲ ಹಾಕುತ್ತೇನೆ. ಮುಂದಿನ ತಿಂಗಳು ಹತ್ತು ದಿನ ನಾನು ಊರಲ್ಲಿರುವುದಿಲ್ಲ. ನನ್ನನ್ನೇ ನಂಬಿಕೊಂಡ ಹಕ್ಕಿಗಳು ಸತ್ತು ಹೋಗುತ್ತವಾ? ನೀರು ಇಟ್ಟರೆ ಗಂಟೆಯೊಳಗೆ ಗಡ್ಡೆಕಟ್ಟುತ್ತದೆ. ದೊಡ್ಡ ಹಕ್ಕಿಗಳು ಬಂದು ಎಲ್ಲವನ್ನೂ ಮುಕ್ಕುತ್ತವೆ. ಏನು ಮಾಡಲಿ? ಅಂದ ಹಾಗೆ, ಒಂದು ಪುಟ್ಟ ಹಸಿರು ಹಕ್ಕಿ ನನಗೆ ಎಷ್ಟು ಹೊಂದಿಕೊಂಡಿದೆ ಗೊತ್ತಾ? ಮೈಯುಬ್ಬಿಸಿಕೊಂಡು ತಟ್ಟೆಯಲ್ಲೇ ಕೂತಿರುತ್ತದೆ. ಒಂದು ಮೊಳ ದೂರಕ್ಕೆ ಹೋದರೂ ಹಾರುವುದಿಲ್ಲ!

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಮಿಕ್ಕ ಪ್ರಶ್ನೆಗಳು ನಾಳೆಗೂ ಕಾಯುತ್ತವೆ, ಇದು ಕಾಯುವುದಿಲ್ಲ.

ಆ ಪುಟ್ಟ ಹಕ್ಕಿ ನಿಮಗೆ ಹೊಂದಿಕೊಂಡಿಲ್ಲ. ಅದಕ್ಕೆ ಹುಷಾರಿಲ್ಲ. ಇಷ್ಟು ಖುಷಿಯಿಂದ ಬರೆದವರಿಗೆ ಹೀಗೆ ಹೇಳಲು ಬೇಜಾರೇ. ಆದರೆ ಕಾಡುಹಕ್ಕಿಯೊಂದು ಮನುಷ್ಯ ಪಕ್ಕಕ್ಕೆ ಬಂದರೂ ಕೂತಲ್ಲೇ ಕೂತಿದೆ ಎಂದರೆ, ಹತ್ತರಲ್ಲಿ ಒಂಬತ್ತು ಸಲ ಅದಕ್ಕೆ ಹಾರುವ ಶಕ್ತಿ ಇರುವುದಿಲ್ಲ.

ಚಳಿಗೆ ಎಲ್ಲ ಹಕ್ಕಿಗಳೂ ಮೈಯುಬ್ಬಿಸುತ್ತವೆ. ಗರಿಗಳ ನಡುವೆ ಗಾಳಿ ತುಂಬಿಕೊಂಡು ಅದನ್ನೇ ರಜಾಯಿ ಮಾಡಿಕೊಳ್ಳುತ್ತವೆ. ಅದು ಆರೋಗ್ಯದ ಲಕ್ಷಣವೇ. ವ್ಯತ್ಯಾಸ ಕಾಣುವುದು ಕಣ್ಣಲ್ಲಿ ಮತ್ತು ಕತ್ತಿನಲ್ಲಿ. ಚೆನ್ನಾಗಿರುವ ಹಕ್ಕಿ ಉಂಡೆಯಂತೆ ಕೂತಿದ್ದರೂ ಕತ್ತು ಅತ್ತಿತ್ತ ಆಡುತ್ತಲೇ ಇರುತ್ತದೆ. ಕಣ್ಣು ಮಣಿಯ ಹಾಗೆ ಹೊಳೆಯುತ್ತದೆ. ನೀವು ಬಾಗಿಲು ತೆಗೆದ ತಕ್ಷಣ ಗರಿಯೆಲ್ಲ ಒಳಗೆಳೆದು ಸಪೂರವಾಗುತ್ತದೆ, ಆಮೇಲೆ ಹಾರುತ್ತದೆ. ಕಾಯಿಲೆಯ ಹಕ್ಕಿ ಬಿಸಿಲಲ್ಲೂ ಉಬ್ಬಿಕೊಂಡೇ ಇರುತ್ತದೆ. ಕಣ್ಣು ಅರ್ಧ ಮುಚ್ಚಿರುತ್ತದೆ. ಕಾಳನ್ನು ಬಾಯಿಗೆ ಹಾಕಿಕೊಳ್ಳುತ್ತದೆ, ನುಂಗಲಾಗದೆ ಉದುರಿಸುತ್ತದೆ. ಕೊಕ್ಕಿನ ಸುತ್ತ ಒದ್ದೆ, ಅಂಟು. ಕೈಮೇಲೆ ಕೂತು ಕಾಳು ತಿನ್ನುವಷ್ಟು ಸಲಿಗೆಯ ಹಕ್ಕಿಗಳೂ ಇವೆ, ಇಲ್ಲ ಎನ್ನುವುದಿಲ್ಲ. ಅವು ಚುರುಕಾಗಿ ಬಂದು, ಒಂದು ಕಾಳು ಹೆಕ್ಕಿ, ಪುರ್ರನೆ ಹೋಗುತ್ತವೆ. ಗಂಟೆಗಟ್ಟಲೆ ತಟ್ಟೆಯಲ್ಲಿ ಕೂತಿರುವುದಿಲ್ಲ.

ಹಾಗಾಗಿ ಇವತ್ತೇ ಮಾಡಬೇಕಾದ್ದು ಇಷ್ಟು. ಎರಡೂ ಫೀಡರ್ ಇಳಿಸಿ. ನೀರಿನ ಬಟ್ಟಲನ್ನೂ ಒಳಗೆ ತನ್ನಿ. ಕೆಳಗೆ ಉದುರಿದ ಹೊಟ್ಟು, ಹಿಕ್ಕೆ ಎಲ್ಲ ಗುಡಿಸಿ ಚೀಲಕ್ಕೆ ಕಟ್ಟಿ ಕಸಕ್ಕೆ ಹಾಕಿ. ಫೀಡರನ್ನು ಮೊದಲು ಸೋಪು ನೀರಲ್ಲಿ ಉಜ್ಜಿ. ಆಮೇಲೆ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನೆನೆಸಿ. ವಾಸನೆ ಹೋಗುವವರೆಗೆ ತೊಳೆದು, ಪೂರ್ತಿ ಒಣಗಿಸಿ. ಬ್ಲೀಚಿಗೆ ವಿನೆಗರ್ ಅಥವಾ ಬೇರೆ ಯಾವ ಶುಚಿಮಾಡುವ ದ್ರಾವಣವನ್ನೂ ಸೇರಿಸಬೇಡಿ, ವಿಷಗಾಳಿ ಏಳುತ್ತದೆ. ಈ ಕೆಲಸ ಅಡುಗೆಮನೆ ಸಿಂಕಿನಲ್ಲಿ ಬೇಡ, ಹೊರಗೆ ಮಾಡಿ. ಕೈಗವಸು ಹಾಕಿ, ಮುಗಿದ ಮೇಲೆ ಕೈ ತೊಳೆಯಿರಿ. ಎರಡು ವಾರ ಏನನ್ನೂ ಇಡಬೇಡಿ. ಅಷ್ಟರಲ್ಲಿ ಹಕ್ಕಿಗಳು ಚದುರುತ್ತವೆ. ಅದೇ ಬೇಕಾಗಿರುವುದು.

ಆ ಹಕ್ಕಿಯನ್ನು ಹಿಡಿದು ಮನೆಯೊಳಗೆ ತಂದು ಬಾಯಿಗೆ ನೀರು ಬಿಡಲು ಹೋಗಬೇಡಿ. ಹತ್ತಿರದಲ್ಲಿ ಕಾಡುಪ್ರಾಣಿಗಳ ಆರೈಕೆ ಕೇಂದ್ರ ಇದ್ದರೆ ಫೋನ್ ಮಾಡಿ, ಅವರು ಹೇಳಿದಂತೆ ಮಾಡಿ. ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಒಂದಕ್ಕಿಂತ ಜಾಸ್ತಿ ಹಕ್ಕಿ ಸತ್ತಿದ್ದರೆ ನಿಮ್ಮ ಕಡೆಯ ಪಶುವೈದ್ಯ ಇಲಾಖೆಗೆ ತಿಳಿಸಿ. ಹಕ್ಕಿಜ್ವರದ ಕಾಲ ಇದು, ಅಲ್ವಾ?

ಇಷ್ಟೊಂದು ಗಾಬರಿ ಯಾಕೆ ಅಂತೀರಾ? ಒಂದು ಹಳೆಯ ತಪ್ಪು ಹೇಳಿಕೊಳ್ಳುತ್ತೇನೆ. ನಾನು ಫೀಡರ್ ಇಟ್ಟ ಮೊದಲ ವರ್ಷಗಳಲ್ಲಿ ಅದನ್ನು ತೊಳೆಯಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ಮಳೆ ಬಿದ್ದು ಕಾಳು ಗಂಟುಕಟ್ಟಿದರೆ ಮೇಲೆ ಹೊಸ ಕಾಳು ಸುರಿಯುತ್ತಿದ್ದೆ. ಒಂದು ಫೆಬ್ರವರಿಯಲ್ಲಿ ನಿಮ್ಮದರಂಥದೇ ಒಂದು ಹಕ್ಕಿ ತಟ್ಟೆಯಲ್ಲಿ ಕೂತಿತು. ನಾನೂ ನಿಮ್ಮ ಹಾಗೆಯೇ ಖುಷಿಪಟ್ಟೆ, ಫೋಟೋ ಕೂಡ ತೆಗೆದೆ. ಮೂರನೇ ದಿನ ಅದು ತಟ್ಟೆಯ ಕೆಳಗೆ ಸತ್ತಿತ್ತು. ಆ ವಾರ ಮುಗಿಯುವಷ್ಟರಲ್ಲಿ ಒಟ್ಟು ಏಳು. ನಾನೇ ಕರೆದು, ನಾನೇ ಒಂದೇ ತಟ್ಟೆಯಲ್ಲಿ ಊಟಕ್ಕೆ ಕೂರಿಸಿದ ಹಕ್ಕಿಗಳು. ಆ ಫೋಟೋ ಈಗಲೂ ನನ್ನ ಹತ್ತಿರ ಇದೆ. ನೋಡಿದರೆ ರೋಗಿ ಎಂದು ಮಕ್ಕಳೂ ಹೇಳಿಯಾರು. ಆಗ ನನಗೆ ಕಂಡಿರಲಿಲ್ಲ.

ಇದು ಒಂದು ಹಿತ್ತಲಿನ ಕಥೆ ಮಾತ್ರ ಆಗಿದ್ದರೆ ಇಷ್ಟು ಎಳೆಯುತ್ತಿರಲಿಲ್ಲ. ಬ್ರಿಟನ್ನಿನಲ್ಲಿ 2005ರಲ್ಲಿ ಫಿಂಚ್ ಎಂಬ ಕಾಳು ತಿನ್ನುವ ಪುಟ್ಟ ಹಕ್ಕಿಗಳ ಬಳಗದಲ್ಲಿ ಟ್ರೈಕೊಮೊನೋಸಿಸ್ ಎಂಬ ಗಂಟಲ ಕಾಯಿಲೆ ಕಾಣಿಸಿಕೊಂಡಿತು. ಅದು ಮೊದಲೇ ಪಾರಿವಾಳಗಳಲ್ಲಿ ಇದ್ದ ಪರಾವಲಂಬಿ ಜೀವಿಯಿಂದ ಬರುವುದು. ಗಂಟಲು ಊದಿಕೊಂಡು ಹಕ್ಕಿ ನುಂಗಲಾಗದೆ ಹಸಿವಿನಿಂದ ಸಾಯುತ್ತದೆ. ಎಂಜಲು ತಾಗಿದ ಕಾಳಿನಿಂದ, ನೀರಿನಿಂದ ಇನ್ನೊಂದಕ್ಕೆ ಅಂಟುತ್ತದೆ. 2006ರಿಂದ 2009ರೊಳಗೆ ಅಲ್ಲಿನ ಗ್ರೀನ್‌ಫಿಂಚ್‌ಗಳಲ್ಲಿ ಸುಮಾರು ಮೂರನೇ ಒಂದು ಪಾಲು ಇಲ್ಲವಾದವು. ಒಂದು ಕಾಲಕ್ಕೆ ಎಲ್ಲ ತೋಟಗಳಲ್ಲೂ ಕಾಣುತ್ತಿದ್ದ ಈ ಹಕ್ಕಿ 2021ರಲ್ಲಿ ಅಲ್ಲಿನ ಕೆಂಪು ಪಟ್ಟಿಗೆ, ಅಂದರೆ ಉಳಿವಿನ ಬಗ್ಗೆ ಅತಿ ಹೆಚ್ಚು ಆತಂಕವಿರುವ ಹಕ್ಕಿಗಳ ಪಟ್ಟಿಗೆ ಸೇರಿತು. ಅಮೆರಿಕದಲ್ಲಿ 1994ರಲ್ಲಿ ಹೌಸ್ ಫಿಂಚ್‌ಗಳ ಕಣ್ಣು ಊದಿ ಕುರುಡಾಗುವ ಕಾಯಿಲೆ ಶುರುವಾಯಿತು. ಅದು ಕೋಳಿಗಳಿಂದ ಬಂದ ಬ್ಯಾಕ್ಟೀರಿಯಾ. 2020–21ರ ಚಳಿಗಾಲದಲ್ಲಿ ಅಲ್ಲೇ ಪೈನ್ ಸಿಸ್ಕಿನ್ ಎಂಬ ಹಕ್ಕಿಗಳು ಹಿಂಡು ಹಿಂಡಾಗಿ ದಕ್ಷಿಣಕ್ಕೆ ಬಂದು, ಫೀಡರ್‌ಗಳಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ತಗುಲಿ ಸತ್ತವು. ಆ ಸೋಂಕು ಕೆಲವು ಮನುಷ್ಯರಿಗೂ ಅಂಟಿತು.

ಈ ಮೂರೂ ಸಲ ಪೆಟ್ಟು ಬಿದ್ದದ್ದು ಫಿಂಚ್‌ಗಳಿಗೇ. ಯಾಕೆ ಎಂದು ನಿಮ್ಮ ಕಿಟಕಿಯಲ್ಲಿ ಹತ್ತು ನಿಮಿಷ ನಿಂತರೆ ಗೊತ್ತಾಗುತ್ತದೆ. ಚೇಕಡಿ ಹಕ್ಕಿ ಒಂದು ಬೀಜ ಕಚ್ಚಿಕೊಂಡು ಕೊಂಬೆಗೆ ಹೋಗಿ, ಕಾಲಡಿ ಅದುಮಿ ಕುಟ್ಟಿ ತಿನ್ನುತ್ತದೆ. ಫಿಂಚ್ ಹಾಗಲ್ಲ, ಪಂಕ್ತಿಯಲ್ಲಿ ಕೂತ ನೆಂಟರ ಹಾಗೆ ತಟ್ಟೆ ಮುಂದೆಯೇ ಕೂತು ಬೀಜ ಬಾಯಲ್ಲಿ ಉರುಳಿಸಿ, ಸಿಪ್ಪೆ ಉಗಿದು, ಬೇಡವಾದ್ದನ್ನು ವಾಪಸ್ ಹಾಕಿ ತಿನ್ನುತ್ತದೆ. ಎಂಜಲು ಅಲ್ಲೇ ಉಳಿಯುತ್ತದೆ. ಅದಕ್ಕೇ ನಿಮ್ಮ ಅಗಲ ತಟ್ಟೆಯ ಮೇಲೆ ನನಗೆ ಕೋಪ. ಅದರಲ್ಲಿ ಕಾಳು, ಹಿಕ್ಕೆ, ಎಂಜಲು, ಹಿಮದ ನೀರು ಎಲ್ಲ ಒಂದೇ ಕಡೆ ಸೇರುತ್ತವೆ. ಮತ್ತೆ ಶುರು ಮಾಡುವಾಗ ತಟ್ಟೆ ಬಿಟ್ಟುಬಿಡಿ. ಕೊಳವೆ ಫೀಡರ್ ಸಾಕು, ಅದನ್ನು ಎರಡು ವಾರಕ್ಕೊಮ್ಮೆಯಾದರೂ ತೊಳೆಯಿರಿ. ಒಂದರಿಂದ ಎರಡು ದಿನಕ್ಕೆ ಖಾಲಿಯಾಗುವಷ್ಟೇ ಕಾಳು ತುಂಬಿ. ಜಾಗವನ್ನೂ ಆಗಾಗ ಬದಲಾಯಿಸಿ, ಕೆಳಗೆ ಹಿಕ್ಕೆ ಗುಡ್ಡೆಯಾಗುವುದು ತಪ್ಪುತ್ತದೆ.

ಈಗ ನಿಮ್ಮ ದೊಡ್ಡ ಹೆದರಿಕೆಗೆ ಬರೋಣ. ಎರಡು ವಾರ ನಿಲ್ಲಿಸಿದರೆ, ಹತ್ತು ದಿನ ಊರಿಗೆ ಹೋದರೆ, ಹಕ್ಕಿಗಳು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಸಾಯುತ್ತವಾ?

ಇಲ್ಲ. ಇದನ್ನು ಅಂದಾಜಿನಲ್ಲಿ ಹೇಳುತ್ತಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮಾರ್ಗರೆಟ್ ಬ್ರಿಟಿಂಗ್‌ಹ್ಯಾಮ್ ಮತ್ತು ಸ್ಟ್ಯಾನ್ಲಿ ಟೆಂಪಲ್ ಎಂಬ ವಿಜ್ಞಾನಿಗಳು 1980ರ ದಶಕದಲ್ಲಿ ಕಪ್ಪು ಟೋಪಿಯ ಚಿಕಡೀ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಲೆಕ್ಕ ಇಟ್ಟರು. (ಚಿಕಡೀ, ಚೇಕಡಿ. ಹೆಸರು ಕೇಳಿದರೆ ಅಣ್ಣತಮ್ಮ ಅನಿಸುತ್ತದೆ, ನಿಜಕ್ಕೂ ಎರಡೂ ಒಂದೇ ಕುಟುಂಬದವು.) ಫೀಡರ್ ಸಿಕ್ಕ ಹಕ್ಕಿಗಳಲ್ಲಿ ಚಳಿಗಾಲ ದಾಟಿದ್ದು ಶೇ. 69. ಸಿಗದವುಗಳಲ್ಲಿ ಶೇ. 37. ಇದನ್ನು ಓದಿದರೆ ನಿಮ್ಮ ಹೆದರಿಕೆ ಜಾಸ್ತಿಯಾಗಬಹುದು, ಸ್ವಲ್ಪ ತಡೆಯಿರಿ. ಈ ಅಂತರ ಬಂದದ್ದು ಮೈನಸ್ 18 ಡಿಗ್ರಿಗಿಂತ ಕೆಳಗಿಳಿದ ದಿನಗಳು ಜಾಸ್ತಿ ಇದ್ದ ತಿಂಗಳುಗಳಲ್ಲಿ. ಉಳಿದ ತಿಂಗಳುಗಳಲ್ಲಿ ಅಂಥ ವ್ಯತ್ಯಾಸವೇ ಕಾಣಲಿಲ್ಲ. ಫೀಡರ್ ಪಕ್ಕದಲ್ಲೇ ಇದ್ದರೂ ಹಕ್ಕಿಗಳು ದಿನದ ಆಹಾರದಲ್ಲಿ ಐದನೇ ಒಂದು ಪಾಲು, ಹೆಚ್ಚೆಂದರೆ ನಾಲ್ಕನೇ ಒಂದು ಪಾಲು ಮಾತ್ರ ಅಲ್ಲಿಂದ ತೆಗೆದುಕೊಂಡವು. ಮಿಕ್ಕಿದ್ದನ್ನು ತೊಗಟೆಯ ಸಂದಿಯಿಂದ ತಾವೇ ಹುಡುಕಿದವು.

ಆಮೇಲೆ ಅವರು ಇನ್ನೊಂದು ಕೆಲಸ ಮಾಡಿದರು. ಇಪ್ಪತ್ತೈದು ವರ್ಷ ಕಾಳು ಹಾಕುತ್ತಿದ್ದ ಜಾಗದಿಂದ ಫೀಡರ್‌ಗಳನ್ನು ತೆಗೆದುಬಿಟ್ಟರು. ಎಂದೂ ಫೀಡರ್ ಕಾಣದ ಕಾಡಿನ ಹಕ್ಕಿಗಳಿಗೂ ಇವಕ್ಕೂ ಹೋಲಿಸಿ ನೋಡಿದರೆ, ಆ ಚಳಿಗಾಲದಲ್ಲಿ ಎರಡೂ ಕಡೆ ಬದುಕಿ ಉಳಿದ ಲೆಕ್ಕ ಒಂದೇ. ಕಾಳು ಹುಡುಕುವುದನ್ನು ಅವು ಮರೆತಿರಲಿಲ್ಲ.

ಹಾಗಾಗಿ ನೀವು ಅವುಗಳ ಅನ್ನದಾತರೇನೂ ಅಲ್ಲ, ದಾರಿಯಲ್ಲಿ ಸಿಗುವ ಒಂದು ಕ್ಯಾಂಟೀನು. ಕ್ಯಾಂಟೀನು ಮುಚ್ಚಿದ್ದರೆ ಗಿರಾಕಿ ಮುಂದಿನ ಬೀದಿಗೆ ಹೋಗುತ್ತಾನೆ. ಇದು ಅವಮಾನ ಅಂದುಕೊಳ್ಳಬೇಡಿ. ರೋಗ ಬಂದಾಗ ಯಾವ ಅಳುಕೂ ಇಲ್ಲದೆ ಬಾಗಿಲು ಹಾಕುವ ಧೈರ್ಯ ಇದರಿಂದಲೇ ಬರುವುದು. ಊರಿಗೆ ಹೋಗುವಾಗ ಮಾತ್ರ ಒಂದು ಮಾತು. ಹತ್ತು ದಿನಕ್ಕಾಗುವಷ್ಟು ಕಾಳು ಒಟ್ಟಿಗೆ ಸುರಿದು ಹೋಗಬೇಡಿ, ಮುಗ್ಗಲು ಹಿಡಿಯುತ್ತದೆ. ಖಾಲಿ ಬಿಟ್ಟು ಹೋಗಿ. ಒಂದು ವೇಳೆ ಆ ದಿನಗಳಲ್ಲೇ ಭಾರಿ ಹಿಮಗಾಳಿ ಬರುವ ಸೂಚನೆ ಇದ್ದರೆ, ಪಕ್ಕದ ಮನೆಯವರಿಗೆ ಒಂದು ಡಬ್ಬಿ ಕಾಳು ಕೊಟ್ಟು ಹೋದರೆ ಒಳ್ಳೆಯದು. ಫೀಡರ್ ನಿಜಕ್ಕೂ ಜೀವ ಉಳಿಸುವುದು ಅಂಥ ಎರಡು ಮೂರು ದಿನಗಳಲ್ಲೇ.

ಯಾಕೆ ಆ ಎರಡು ಮೂರು ದಿನ? ಚಿಕಡೀ ತೂಗುವುದು ಹನ್ನೊಂದು ಗ್ರಾಂ ಆಸುಪಾಸು. ಹಗಲಲ್ಲಿ ಅದರ ಮೈ ಬಿಸಿ ಸುಮಾರು 42 ಡಿಗ್ರಿ. ಹೊರಗೆ ಮೈನಸ್ ಇಪ್ಪತ್ತು. ಅಷ್ಟು ಚಿಕ್ಕ ಒಲೆ, ಅಷ್ಟು ದೊಡ್ಡ ಚಳಿ. ಹಗಲು ಕೂಡಿಸಿದ ಕೊಬ್ಬನ್ನು ರಾತ್ರಿಯಿಡೀ ನಡುಗಿ ನಡುಗಿ ಉರಿಸುತ್ತದೆ. ಬೆಳಿಗ್ಗೆ ಹೊತ್ತಿಗೆ ಮೈತೂಕದಲ್ಲಿ ಹತ್ತರಲ್ಲಿ ಒಂದು ಪಾಲು ಕರಗಿರಬಹುದು. ಉರುವಲು ಉಳಿಸಲು ರಾತ್ರಿ ಮೈ ಬಿಸಿಯನ್ನೇ ಸುಮಾರು ಹತ್ತು ಡಿಗ್ರಿ ಇಳಿಸಿಕೊಳ್ಳುತ್ತದೆ. ರೆನ್ ಎಂಬ ಇನ್ನೊಂದು ಪುಟಾಣಿಗೆ ಬೇರೆ ಉಪಾಯ, ಗುಂಪು ಸೇರುವುದು. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ 1969ರಲ್ಲಿ ಒಂದೇ ಗೂಡುಪೆಟ್ಟಿಗೆಯಲ್ಲಿ 61 ರೆನ್‌ಗಳು ಒತ್ತಿಕೊಂಡು ಮಲಗಿದ್ದನ್ನು ಎಣಿಸಿದ್ದಾರೆ. ನನಗೆ ಈ ಸಂಖ್ಯೆ ನೆನಪಾದಾಗಲೆಲ್ಲ ಆ ಎಣಿಸಿದವರ ತಾಳ್ಮೆ ನೆನಪಾಗುತ್ತದೆ. ಬರಿಗಾಲಲ್ಲಿ ಹಿಮದ ಮೇಲೆ ನಿಂತರೆ ಕಾಲು ಸೆಟೆದುಕೊಳ್ಳುವುದಿಲ್ಲವಾ ಎಂದು ತುಂಬಾ ಜನ ಕೇಳುತ್ತಾರೆ. ಕಾಲಿಗೆ ಇಳಿಯುವ ಬಿಸಿ ರಕ್ತದ ನಾಳ, ಮೇಲೆ ಬರುವ ತಣ್ಣನೆ ರಕ್ತದ ನಾಳ ಎರಡೂ ಅಂಟಿಕೊಂಡೇ ಇರುತ್ತವೆ. ಬಿಸಿ ಮೇಲೆಯೇ ಕೈಬದಲಾಯಿಸುತ್ತದೆ, ಪಾದಕ್ಕೆ ಹೋಗಿ ಹಾಳಾಗುವುದು ಕಡಿಮೆ.

ಇದೆಲ್ಲ ತಿಳಿದರೆ ಯಾವಾಗ ಕಾಳು ಹಾಕಬೇಕು ಎನ್ನುವುದು ತಾನೇ ತಿಳಿಯುತ್ತದೆ. ಬೆಳಕು ಹರಿಯುವ ಮುಂಚೆ ಫೀಡರಿನಲ್ಲಿ ಕಾಳಿರಲಿ, ರಾತ್ರಿ ಖಾಲಿಯಾದ ಹೊಟ್ಟೆಗೆ. ಮತ್ತೆ ಕತ್ತಲಾಗುವ ಒಂದೆರಡು ಗಂಟೆ ಮುಂಚೆ, ರಾತ್ರಿಯ ಉರುವಲಿಗೆ. ನಡುವೆ ಖಾಲಿಯಿದ್ದರೆ ಚಿಂತೆಯಿಲ್ಲ.

ಏನು ಹಾಕಬೇಕು? ಬ್ರೆಡ್ಡು ಬೇಡ. ಅದು ವಿಷವಲ್ಲ, ಆದರೆ ಹೊಟ್ಟೆ ತುಂಬಿ ಕೊಬ್ಬು ಸಿಗುವುದಿಲ್ಲ. ಎಂಟು ಗಂಟೆಯ ಹಗಲಲ್ಲಿ ಅದನ್ನು ತಿಂದು ಕಾಲ ಕಳೆದ ಹಕ್ಕಿಗೆ ಅದು ನಷ್ಟದ ವ್ಯಾಪಾರ. ಉಳಿದ ತಿಂಡಿಯಲ್ಲಿ ಉಪ್ಪು ಇರುತ್ತದೆ, ಸಣ್ಣ ಹಕ್ಕಿಯ ಮೂತ್ರಪಿಂಡಕ್ಕೆ ಅದು ಆಗದು. ಹಾಲು ಕೊಡಬೇಡಿ, ಅದರ ಸಕ್ಕರೆಯನ್ನು ಹಕ್ಕಿ ಅರಗಿಸಲಾರದು. ಒಂದೇ ಒಂದು ಕಾಳು ಆರಿಸಿ ಎಂದರೆ ನಾನು ಕಪ್ಪು ಸಿಪ್ಪೆಯ ಸಣ್ಣ ಸೂರ್ಯಕಾಂತಿ ಬೀಜ ಎನ್ನುತ್ತೇನೆ. ಎಣ್ಣೆ ಜಾಸ್ತಿ, ಸಿಪ್ಪೆ ತೆಳು, ಚಿಕ್ಕ ಕೊಕ್ಕಿಗೂ ಒಡೆಯುತ್ತದೆ. ಉಪ್ಪು ಹಾಕದ, ಹುರಿಯದ ಕಡಲೆಬೀಜ ಒಳ್ಳೆಯದೇ, ಆದರೆ ಜಾಲರಿ ಫೀಡರಿನಲ್ಲಿ ಹಾಕಿ, ಮತ್ತು ಮೊದಲು ಮೂಸಿ ನೋಡಿ. ಬೂಷ್ಟು ಹಿಡಿದ ಕಡಲೆಬೀಜದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರುತ್ತದೆ. ನೀವು ತಿನ್ನಲು ಹಿಂಜರಿಯುವ ಬೀಜವನ್ನು ಹಕ್ಕಿಗೂ ಕೊಡಬೇಡಿ. ಗಡಗಡ ಚಳಿಯಲ್ಲಿ ದನ, ಕುರಿಯ ಗಟ್ಟಿ ಕೊಬ್ಬಿನ ಉಂಡೆ ಮರಕುಟಿಗಕ್ಕೂ ಚೇಕಡಿಗೂ ಹಬ್ಬ. ಬಾಣಲೆಯಲ್ಲಿ ಉಳಿದ ಎಣ್ಣೆ ಜಿಡ್ಡು ಬೇಡ. ಅದು ಗರಿಗೆ ಮೆತ್ತಿಕೊಂಡರೆ, ಆಗಲೇ ಹೇಳಿದ ರಜಾಯಿ ಹಾಳು. ಅಗ್ಗದ ಮಿಶ್ರ ಕಾಳನ್ನು ನಾನಂತೂ ಕೊಳ್ಳುವುದಿಲ್ಲ. ತೂಕಕ್ಕಾಗಿ ತುಂಬಿದ ಗೋಧಿ, ಜೋಳವನ್ನು ಸಣ್ಣ ಹಕ್ಕಿಗಳು ಕೊಕ್ಕಿನಿಂದ ಆಚೆ ಎಸೆಯುತ್ತವೆ. ಕೆಳಗೆ ಬಿದ್ದದ್ದಕ್ಕೆ ಇಲಿ ಬರುತ್ತದೆ.

ಮತ್ತೆ, ನಿಮ್ಮ ದೊಡ್ಡ ಹಕ್ಕಿಗಳನ್ನು ಕರೆಯುತ್ತಿರುವುದೂ ಆ ಮಿಶ್ರ ಕಾಳು, ಬ್ರೆಡ್ಡು ಮತ್ತು ತಟ್ಟೆಯೇ. ಪಾರಿವಾಳಕ್ಕೆ ಕೂರಲು ಜಾಗ ಬೇಕು. ಕೊಳವೆಯ ಗಿಡ್ಡ ಕಡ್ಡಿಯ ಮೇಲೆ ಅದು ಕೂರಲಾರದು. ಅದಕ್ಕೂ ಬಗ್ಗದಿದ್ದರೆ ಕೊಳವೆಯ ಸುತ್ತ ತಂತಿಯ ಪಂಜರ ಹಾಕಿ, ಸಣ್ಣವು ಮಾತ್ರ ನುಸುಳುವ ಹಾಗೆ. ಅಳಿಲಿನ ಕಾಟ ಇದ್ದರೆ ಕಾಳಿಗೆ ಖಾರದ ಪುಡಿ ಸವರುವವರಿದ್ದಾರೆ. ಮೆಣಸಿನಕಾಯಿಯ ಖಾರ ಹಕ್ಕಿಗೆ ತಾಗುವುದಿಲ್ಲ, ಅಳಿಲಿನಂಥ ಸಸ್ತನಿಗಳಿಗೆ ಉರಿಯುತ್ತದೆ. ಮೆಣಸಿನ ಗಿಡಕ್ಕೆ ಬೀಜ ಒಯ್ಯಲು ಹಕ್ಕಿಯೇ ಬೇಕು, ಇಲಿ ಬೇಡ, ಅದಕ್ಕೇ ಇರಬೇಕು. ಆದರೆ ಗಾಳಿಯಲ್ಲಿ ಆ ಪುಡಿ ನಿಮ್ಮ ಕಣ್ಣಿಗೇ ಬೀಳುತ್ತದೆ. ಕಂಬಕ್ಕೆ ಕೊಡೆಯಾಕಾರದ ತಗಡು ಕಟ್ಟುವುದು ವಾಸಿ. ಗಿಡುಗ ಬಂದು ಹಕ್ಕಿಯೊಂದನ್ನು ಎತ್ತಿಕೊಂಡು ಹೋದರೆ ಏನು ಮಾಡಬೇಕು ಎಂದು ನೀವಿನ್ನೂ ಕೇಳಿಲ್ಲ, ಮುಂದೆ ಕೇಳುತ್ತೀರಿ. ಅದೂ ನಿಮ್ಮ ಹಿತ್ತಲಿನ ಹಕ್ಕಿಯೇ. ಅದಕ್ಕೂ ಚಳಿ, ಹಸಿವು ಇದೆ.

ನೀರಿನ ವಿಷಯ. ಹಿಮ ತಿಂದು ಬದುಕಬಲ್ಲವು, ಆದರೆ ಅದನ್ನು ಕರಗಿಸಲು ಮೈ ಬಿಸಿ ಖರ್ಚಾಗುತ್ತದೆ. ಮೂರು ನಾಲ್ಕು ಸೆಂಟಿಮೀಟರ್ ಆಳದ, ಒರಟು ತಳದ ಬಟ್ಟಲಲ್ಲಿ ಬೆಳಿಗ್ಗೆ ಉಗುರುಬೆಚ್ಚಗಿನ ನೀರಿಡಿ, ಗಡ್ಡೆಕಟ್ಟಿದರೆ ತಟ್ಟಿ ಬೀಳಿಸಿ ಮತ್ತೆ ತುಂಬಿ. ಕಪ್ಪು ಬಣ್ಣದ ಬಟ್ಟಲನ್ನು ಬಿಸಿಲಿಗಿಟ್ಟರೆ ಸ್ವಲ್ಪ ತಡವಾಗಿ ಹೆಪ್ಪುಗಟ್ಟುತ್ತದೆ. ಉಪ್ಪನ್ನಾಗಲಿ, ವಾಹನಕ್ಕೆ ಹಾಕುವ ಆಂಟಿಫ್ರೀಜನ್ನಾಗಲಿ ಅಪ್ಪಿತಪ್ಪಿಯೂ ಬೆರೆಸಬೇಡಿ. ಆಂಟಿಫ್ರೀಜ್ ರುಚಿಗೆ ಸಿಹಿ, ಒಳಗೆ ಹೋದರೆ ಸಾವು.

ಫೀಡರನ್ನು ಎಲ್ಲಿ ತೂಗುಹಾಕಿದ್ದೀರಿ ಎಂದು ನೀವು ಬರೆದಿಲ್ಲ. ಕಿಟಕಿಯಿಂದ ಮೂರು ನಾಲ್ಕು ಮೀಟರ್ ದೂರದಲ್ಲಿದ್ದರೆ ಅದೇ ಅತಿ ಕೆಟ್ಟ ಜಾಗ. ಗಿಡುಗಕ್ಕೆ ಬೆದರಿ ಹಾರಿದ ಹಕ್ಕಿ ಗಾಜಿನಲ್ಲಿ ಕಾಣುವ ಆಕಾಶಕ್ಕೆ ಪೂರ್ತಿ ವೇಗದಲ್ಲಿ ನುಗ್ಗುತ್ತದೆ. ಅಮೆರಿಕ ಒಂದರಲ್ಲೇ ವರ್ಷಕ್ಕೆ 36 ಕೋಟಿಯಿಂದ 99 ಕೋಟಿ ಹಕ್ಕಿಗಳು ಕಟ್ಟಡಗಳಿಗೆ ಬಡಿದು ಸಾಯುತ್ತವೆ ಎಂದು 2014ರ ಒಂದು ಅಧ್ಯಯನ ಅಂದಾಜು ಮಾಡಿತು. ಹಾಗಾಗಿ ಒಂದೋ ಕಿಟಕಿಗೆ ಒಂದು ಮೀಟರಿಗಿಂತ ಹತ್ತಿರ ಇಡಿ, ಬಡಿದರೂ ಪೆಟ್ಟಾಗುವಷ್ಟು ವೇಗ ಬರುವುದಿಲ್ಲ. ಇಲ್ಲಾ ಹತ್ತು ಮೀಟರಿನಾಚೆ ಇಡಿ. ಗಾಜಿನ ಮೇಲೆ ಒಂದೇ ಒಂದು ಗಿಡುಗದ ಚಿತ್ರ ಅಂಟಿಸುವುದು ಸುಮ್ನೆ, ಅದರ ಪಕ್ಕದಲ್ಲೇ ಬಂದು ಬಡಿಯುತ್ತವೆ. ಹೊರಮೈಗೆ ಐದೈದು ಸೆಂಟಿಮೀಟರಿಗೆ ಒಂದರಂತೆ ಚುಕ್ಕೆ ಇಟ್ಟರೆ ಮಾತ್ರ ಕೆಲಸವಾಗುತ್ತದೆ. ರಂಗೋಲಿಗೆ ಚುಕ್ಕೆ ಇಟ್ಟ ಹಾಗೆ. ಬೆಕ್ಕಿದ್ದರೆ ಅದನ್ನು ಒಳಗಿಡಿ, ಅಥವಾ ಫೀಡರ್ ಆಸೆ ಬಿಡಿ. ಇದರಲ್ಲಿ ನನಗೆ ರಾಜಿಯಿಲ್ಲ.

ಮೊದಲ ಎರಡು ವಾರ ಯಾರೂ ಬರಲಿಲ್ಲ ಎಂದಿರಿ. ಅದು ಸಹಜ. ಈ ಹಕ್ಕಿಗಳು ಕಾಳನ್ನು ಹುಡುಕುವುದು ಕಣ್ಣಿನಿಂದ, ಮತ್ತು ಒಂದನ್ನು ನೋಡಿ ಇನ್ನೊಂದು. ಚಳಿಗಾಲದಲ್ಲಿ ಬೇರೆ ಬೇರೆ ಜಾತಿಯ ಸಣ್ಣ ಹಕ್ಕಿಗಳು ಒಂದೇ ಗುಂಪಾಗಿ ಸುತ್ತುತ್ತವೆ. ಮುಂದಾಳು ಸಾಮಾನ್ಯವಾಗಿ ಚೇಕಡಿ ಬಳಗದ ಹಕ್ಕಿಯೇ. ಅದು ನಿಮ್ಮ ಫೀಡರ್ ಕಂಡ ದಿನ ಹಿಂದೆಯೇ ಗುಂಪೆಲ್ಲ ಬರುತ್ತದೆ.

ಫೀಡರ್ ಇಲ್ಲದ ಈ ಎರಡು ವಾರ ಕಿಟಕಿಯ ಹತ್ತಿರದಿಂದ ಏಳಬೇಡಿ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ತಾರೀಕು, ಹೊತ್ತು, ಚಳಿ ಎಷ್ಟು, ಯಾವ ಹಕ್ಕಿ, ಎಷ್ಟು. ಎಣಿಸಲು ಒಂದು ಹಳೆಯ ನಿಯಮವಿದೆ. ಒಂದೇ ಸಲಕ್ಕೆ ಕಣ್ಣಿಗೆ ಕಂಡ ಅತಿ ಹೆಚ್ಚು ಸಂಖ್ಯೆಯನ್ನು ಮಾತ್ರ ಬರೆಯಿರಿ. ಹತ್ತು ಸಲ ಬಂದ ಒಂದೇ ಚೇಕಡಿಯನ್ನು ಹತ್ತು ಚೇಕಡಿ ಎಂದು ಬರೆಯುವುದು ತಪ್ಪುತ್ತದೆ. ಬ್ರಿಟನ್ನಿನಲ್ಲಿ 1979ರಿಂದ ಜನವರಿ ಕೊನೆಯಲ್ಲಿ ನಡೆಯುವ ತೋಟದ ಹಕ್ಕಿ ಎಣಿಕೆಗೆ ಇದೇ ನಿಯಮ, ಹೊತ್ತು ಒಂದೇ ಗಂಟೆ. ಕೆನಡಾದ ಒಂಟಾರಿಯೊದಲ್ಲಿ 1976ರಲ್ಲಿ ಶುರುವಾದ ಇಂಥದೇ ಎಣಿಕೆ ಮುಂದೆ ಪ್ರಾಜೆಕ್ಟ್ ಫೀಡರ್‌ವಾಚ್ ಆಗಿ ಉತ್ತರ ಅಮೆರಿಕಕ್ಕೆಲ್ಲ ಹರಡಿತು. 1994ರ ಕಣ್ಣಿನ ಕಾಯಿಲೆ ಯಾವ ಊರಿನಿಂದ ಯಾವ ಊರಿಗೆ ಹೋಯಿತು ಎಂದು ತಿಳಿದದ್ದೂ ಹೀಗೆ ಕಿಟಕಿಯಲ್ಲಿ ಕೂತು ಬರೆದ ಮನೆಯವರಿಂದಲೇ. ಎಲ್ಲಿದ್ದವರೂ ಸೇರಬಹುದಾದ ಎಣಿಕೆ ಬೇಕೆಂದರೆ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಇದೆ. 1998ರಲ್ಲಿ ಶುರುವಾಗಿ 2013ರಿಂದ ಇಡೀ ಪ್ರಪಂಚಕ್ಕೆ ತೆರೆದಿದೆ. ಹದಿನೈದು ನಿಮಿಷ ಕೊಟ್ಟರೂ ಸಾಕು.

ಎಣಿಕೆಗಿಂತ ನನಗೆ ರುಚಿಸುವುದು ಜಗಳ ನೋಡುವುದು. ಯಾರು ಬಂದರೆ ಯಾರು ಜಾಗ ಬಿಡುತ್ತಾರೆ? ಒಂದು ವಾರ ಬರೆದರೆ ಸಾಕು, ನಿಮ್ಮ ಹಿತ್ತಲಿನ ಮೇಲುಕೀಳಿನ ಪಟ್ಟಿ ಸಿದ್ಧ. ಅಧಿಕಾರ ಕಡಿಮೆ ಇರುವ ಹಕ್ಕಿಗಳು ಸರದಿ ಸಿಗದೆ, ಚಳಿ ಜಾಸ್ತಿಯಿರುವ ಬೆಳಗಿನ ಹೊತ್ತಲ್ಲೇ ನುಸುಳುವುದನ್ನು ನಾನು ಎಷ್ಟೋ ಸಲ ಬರೆದುಕೊಂಡಿದ್ದೇನೆ. ಇನ್ನೊಂದು, ಬೀಜ ಬಚ್ಚಿಡುವುದು. ಚಿಕಡೀ ಒಂದೊಂದೇ ಬೀಜವನ್ನು ಒಂದೊಂದು ತೊಗಟೆ ಸಂದಿಯಲ್ಲಿ ಅಡಗಿಸಿ, ವಾರಗಟ್ಟಲೆ ಆದ ಮೇಲೂ ನೇರ ಅಲ್ಲಿಗೇ ಹೋಗುತ್ತದೆ. ಕಿವಿಯನ್ನೂ ಕೊಡಿ. ಚಿಕಡೀ ಅಪಾಯ ಕಂಡಾಗ 'ಚಿಕ್-ಅ-ಡೀ-ಡೀ' ಎಂದು ಕೂಗುತ್ತದೆ. 2005ರಲ್ಲಿ ಅಮೆರಿಕದ ಸಂಶೋಧಕರು ಕಂಡುಕೊಂಡದ್ದೆಂದರೆ, ಅಪಾಯ ಜಾಸ್ತಿಯಾದಷ್ಟೂ ಕೊನೆಯ 'ಡೀ' ಜಾಸ್ತಿ. ದೊಡ್ಡ ಗೂಬೆಗೆ ಕಡಿಮೆ ಡೀ, ಯಾಕೆಂದರೆ ಅದು ಇಷ್ಟು ಚಿಕ್ಕ ಹಕ್ಕಿಯನ್ನು ಥಟ್ಟನೆ ತಿರುಗಿ ಹಿಡಿಯಲಾರದು. ಪುಟ್ಟ ಚುರುಕು ಗೂಬೆಗೆ ಸಾಲು ಸಾಲು ಡೀ. ಬೇರೆ ಜಾತಿಯ ಹಕ್ಕಿಗಳೂ ಇದನ್ನು ಕೇಳಿ ಅರ್ಥಮಾಡಿಕೊಳ್ಳುತ್ತವೆ. ಒಂದೆರಡು ವಾರ ಕಿವಿಗೊಟ್ಟರೆ ನೀವೂ ಮಾಡಿಕೊಳ್ಳುತ್ತೀರಿ.

ಕಾಳು ಹಾಕುವುದು ಸರಿಯಾ ತಪ್ಪಾ ಎಂದು ಯಾರಾದರೂ ನಿಮ್ಮ ಹತ್ತಿರ ವಾದಕ್ಕೆ ಬರುತ್ತಾರೆ. ಅವರ ಮಾತಲ್ಲೂ ಹುರುಳಿದೆ. ನಾವು ಹಾಕುವ ಕಾಳು ಹಕ್ಕಿಗಳ ದಾರಿಯನ್ನೇ ಬದಲಿಸಬಲ್ಲದು. ಮಧ್ಯ ಯೂರೋಪಿನ ಬ್ಲ್ಯಾಕ್‌ಕ್ಯಾಪ್ ಎಂಬ ಹಕ್ಕಿ ಚಳಿಗಾಲಕ್ಕೆ ಮೆಡಿಟರೇನಿಯನ್ ಕಡೆ ಹೋಗುವಂಥದು. 1960ರ ದಶಕದಿಂದ ಕೆಲವು ಬ್ರಿಟನ್ನಿನ ಕಡೆ ತಿರುಗತೊಡಗಿದವು. ಅಲ್ಲಿನ ತೋಟಗಳಲ್ಲಿ ಸಿಗುವ ಕಾಳು, ಕೊಬ್ಬು ಮತ್ತು ಕಡಿಮೆಯಾದ ಚಳಿ ಅದಕ್ಕೆ ಕಾರಣ. ಅವುಗಳ ಮರಿಗಳನ್ನು ಪಂಜರದಲ್ಲಿ ಬೆಳೆಸಿದರೂ ಅದೇ ಹೊಸ ದಿಕ್ಕಿಗೆ ಹಾರಲು ತವಕಿಸಿದವು. ಇದು ಒಳ್ಳೆಯದಾ ಕೆಟ್ಟದ್ದಾ ಎಂದು ನಾನು ತೀರ್ಪು ಕೊಡುವುದಿಲ್ಲ. ನನ್ನ ಹಿತ್ತಲಲ್ಲಿ ಈಗ ಒಂದೇ ಫೀಡರ್. ಉಳಿದ ಜಾಗದಲ್ಲಿ ಸೂರ್ಯಕಾಂತಿ, ಮುಳ್ಳುಗಿಡದ ಒಣ ತೆನೆಗಳನ್ನು ಕತ್ತರಿಸದೆ ಬಿಡುತ್ತೇನೆ. ಹಣ್ಣಿನ ಪೊದೆಯನ್ನು ಚಳಿಗಾಲ ಮುಗಿಯುವವರೆಗೆ ಸವರುವುದಿಲ್ಲ, ಉದುರಿದ ಎಲೆಯನ್ನು ಗುಡಿಸುವುದಿಲ್ಲ. ಎಲೆಯಡಿ ಹುಳ ಇರುತ್ತದೆ. ಅಲ್ಲಿ ಹಕ್ಕಿಗಳು ಚದುರಿ ತಿನ್ನುತ್ತವೆ, ಎಂಜಲು ಹಂಚಿಕೊಳ್ಳುವುದಿಲ್ಲ. ತೊಳೆಯುವ ಕೆಲಸವೂ ಇಲ್ಲ.

ಎರಡು ವಾರ ಕಳೆದು ಕೊಳವೆ ಫೀಡರನ್ನು ಮತ್ತೆ ತೂಗುಹಾಕಿದ ದಿನ ಗಡಿಯಾರ ನೋಡಿಕೊಳ್ಳಿ. ಮೊದಲು ಬಂದ ಹಕ್ಕಿ ಯಾವುದು, ಎಷ್ಟು ಹೊತ್ತಿಗೆ ಬಂತು ಎಂದು ನನಗೆ ಬರೆದು ತಿಳಿಸಿ. ಈ ಸಲ ಎರಡು ವಾರ ಹಿಡಿಯುವುದಿಲ್ಲ. ಚೇಕಡಿ, ಅದೂ ಒಂದು ಗಂಟೆಯೊಳಗೆ ಎಂದು ನಾನು ಬಾಜಿ ಕಟ್ಟುತ್ತೇನೆ.